ಬಿಪಿ ನಾರ್ಮಲ್ ಅಂತಾರೆ, ಆದ್ರೂ ಹುಡುಗ ಬೀಳ್ತಾನೆ. ಇದೆಂತದು?

ಮಣಕಿಮೈದಾನ (ಕುಮಟಾ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹದಿನೆಂಟು, ಶಿರಸಿಯಲ್ಲಿ ಓದ್ತಾನೆ. ಮಾರಿಜಾತ್ರೆಯಲ್ಲಿ ಬಿಡಕಿಬೈಲಿನ ಗದ್ದುಗೆ ಹತ್ರ ಸಾಲಲ್ಲಿ ನಿಂತವನು ನಿಂತಲ್ಲೇ ಕುಸಿದ. ಮೊದಲು ಆಕಳಿಕೆ ಮೇಲೆ ಆಕಳಿಕೆ, ಆಮೇಲೆ ಹಣೆ ಮೇಲೆ ತಣ್ಣಗಿನ ಬೆವರು, ಹೊಟ್ಟೆ ತೊಳಸು. "ಅಕ್ಕಾ, ಎಂತದೂ ಕಾಣ್ತಿಲ್ಲೆ" ಅಂದ. ನಾನು ತಿರುಗೋದ್ರೊಳಗೆ ನೆಲದ ಮೇಲಿದ್ದ. ಮುಖ ಸುಣ್ಣದ ಬಣ್ಣ. ಕೈಕಾಲು ಒಂದೆರಡು ಸಲ ಜಗ್ಗಿತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಕಣ್ಣು ಬಿಟ್ಟು "ನನ್ನ ಚಪ್ಪಲಿ ಎಲ್ಲಿ" ಅಂತ ಕೇಳಿದ. ಹಿಂದೊಮ್ಮೆ ರಕ್ತ ತೆಗೆಯೋಕೆ ಸೂಜಿ ಚುಚ್ಚಿದಾಗಲೂ ಹೀಗೇ ಆಗಿತ್ತು.

ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ. ಬಿಪಿ 116/74, ಇಸಿಜಿ ಸರಿ ಇದೆ. ಚೀಟಿಯಲ್ಲಿ "ವೇಸೊವೇಗಲ್ ಸಿಂಕೊಪಿ" ಅಂತ ಬರೆದು, ನರದಿಂದಾಗಿ ಬಿಪಿ ಇಳಿದು ಎಚ್ಚರ ತಪ್ಪಿದ್ದು, ನೀರು ಉಪ್ಪು ಚೆನ್ನಾಗಿ ತಗೋ ಅಂದು ಮುಂದಿನ ಪೇಷಂಟ್ ಕರೆದ್ರು. ಮನೆಯಲ್ಲೀಗ ಮೂರು ಪಕ್ಷ. ಆಯಿ "ಲೋ ಬಿಪಿ" ಅಂತಾಳೆ, ದೊಡ್ಡಪ್ಪ "ಫಿಟ್ಸು, ಹೊರಗೆ ಹೇಳ್ಬೇಡಿ" ಅಂತಾನೆ, ಅಮ್ಮಮ್ಮನಿಗೆ ದೃಷ್ಟಿ.

ನನಗೆ ಅರ್ಥ ಆಗದ್ದು ಇಷ್ಟೇ. ಬಿಪಿ ಸರಿ ಇದ್ದವನು ಬಿಪಿ ಇಳಿದು ಬಿದ್ದ ಅಂದ್ರೆ ಹೇಗೆ? ಅದರಲ್ಲಿ ನರದ ಕೆಲಸ ಎಂತ?

ಅಪ್ಪೆಮಿಡಿ (ಸಿದ್ದಾಪುರ)

ಪಿತ್ತ. ಬೆಳಿಗ್ಗೆ ತಿಂಡಿ ತಿಂದಿದ್ನ ಕೇಳಿ. ಖಾಲಿ ಹೊಟ್ಟೆಲಿ ಚಾ ಕುಡಿದು ಬಿಸಿಲಲ್ಲಿ ನಿಂತ್ರೆ ಯಾರಿಗಾದ್ರೂ ಪಿತ್ತ ನೆತ್ತಿಗೇರ್ತದೆ.

ಬೈತಖೋಲ್ ಬೋಟು (ಕಾರವಾರ)

ಶುರುವಾಯ್ತು ಪಿತ್ತ 😄 ಈ ವೇದಿಕೆಯಲ್ಲಿ ಕೂದಲು ಉದುರಿದ್ರೂ ಪಿತ್ತ, ಬೋಟಿನ ಎಂಜಿನ್ ಕೆಟ್ರೂ ಪಿತ್ತ.

ನಾಡಿಮಿಡಿತ (ಶಿರಸಿ)

ಶರೀರಶಾಸ್ತ್ರ ಪಾಠ ಮಾಡೋದು ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ತಡ್ಕೊಳ್ಳಿ.

ಡಾಕ್ಟ್ರು ಅಳೆದದ್ದು ಹುಡುಗ ಬಿದ್ದು, ಎದ್ದು, ಬೆಂಚಿನ ಮೇಲೆ ಕೂತು, ಮಾತಾಡ್ತಾ ಇದ್ದಾಗಿನ ಬಿಪಿ. ಅಷ್ಟೊತ್ತಿಗೆ ಎಲ್ಲ ಸರಿಯಾಗಿರ್ತದೆ. ಸಾಲಿನಲ್ಲಿ ಕಣ್ಣು ಕತ್ತಲೆ ಬಂದ ಆ ಗಳಿಗೆಯಲ್ಲಿ ಪಟ್ಟಿ ಕಟ್ಟಿದ್ರೆ ಮೇಲಿನ ಸಂಖ್ಯೆ 60ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಸಿಗ್ತಿತ್ತು. ಇದು ದಿನವಿಡೀ ಇರೋ "ಲೋ ಬಿಪಿ" ಅಲ್ಲ. ಕೆಲವು ಸೆಕೆಂಡುಗಳ ಕುಸಿತ.

ನಾವು ಎದ್ದು ನಿಂತ ಕೂಡ್ಲೆ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಎದೆಯಿಂದ ಕೆಳಗಿಳಿದು ಕಾಲಿಗೂ ಹೊಟ್ಟೆಯ ಕೆಳಭಾಗಕ್ಕೂ ಸೇರ್ತದೆ. ಹೃದಯಕ್ಕೆ ವಾಪಸ್ ಬರೋ ರಕ್ತ ಅಷ್ಟು ಕಡಿಮೆ. ಇದನ್ನು ಮೊದಲು ತಿಳಿಯೋದು ಎರಡು ಕಡೆ: ದವಡೆಯ ಮೂಲೆಯ ಕೆಳಗೆ ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ, ಮತ್ತೆ ಹೃದಯದಿಂದ ಹೊರಟ ಮಹಾಧಮನಿ ಬಾಗುವಲ್ಲಿ. ಅಲ್ಲಿನ ಗೋಡೆಯಲ್ಲಿ ಹಿಗ್ಗುವಿಕೆಯನ್ನು ಅಳೆಯೋ ನರತುದಿಗಳಿವೆ, ಬ್ಯಾರೋರಿಸೆಪ್ಟರ್ ಅಂತಾರೆ. ಒತ್ತಡ ಇಳಿದ್ರೆ ಗೋಡೆ ಕಡಿಮೆ ಹಿಗ್ಗುತ್ತದೆ, ಅವು ಕಳಿಸೋ ಸಂಕೇತವೂ ಕಡಿಮೆಯಾಗ್ತದೆ. ಕುತ್ತಿಗೆಯ ಸುದ್ದಿ ಒಂಬತ್ತನೇ ಕಪಾಲ ನರದಲ್ಲಿ, ಮಹಾಧಮನಿಯ ಸುದ್ದಿ ಹತ್ತನೇ ನರದಲ್ಲಿ, ಅಂದ್ರೆ ವೇಗಸ್‌ನಲ್ಲಿ, ಮಿದುಳಿನ ಬುಡದ ಮೆಡುಲ್ಲಾಕ್ಕೆ ಹೋಗ್ತದೆ. ಮೆಡುಲ್ಲಾ ಎರಡು ಕೆಲಸ ಮಾಡ್ತದೆ. ವೇಗಸ್ ಹೃದಯದ ಮೇಲೆ ಇಟ್ಟಿರೋ ಹಿಡಿತ ಸಡಿಲ ಮಾಡ್ತದೆ, ತುರ್ತಿಗೆ ಮೈಯನ್ನು ಸಜ್ಜು ಮಾಡೋ ಸಿಂಪಥೆಟಿಕ್ ನರಗಳನ್ನು ಚುರುಕು ಮಾಡ್ತದೆ. ಹೃದಯದ ಬಡಿತ ಏರ್ತದೆ, ಸಣ್ಣ ರಕ್ತನಾಳಗಳು ಬಿಗಿಯಾಗ್ತವೆ, ಒತ್ತಡ ನಿಲ್ತದೆ. ಇಷ್ಟೂ ಆಗೋಕೆ ಬೇಕಾದ್ದು ಕೆಲವೇ ಸೆಕೆಂಡು. ನೀವು ದಿನಕ್ಕೆ ಎಷ್ಟೋ ಸಲ ಎದ್ದು ಕೂರ್ತೀರಿ, ಇದು ಒಮ್ಮೆಯೂ ನಿಮಗೆ ಗೊತ್ತಾಗೋದಿಲ್ಲ.

ನಿಮ್ಮ ತಮ್ಮನಂಥವರಲ್ಲಿ ಈ ವ್ಯವಸ್ಥೆ ಕೆಟ್ಟಿಲ್ಲ. ಸಾಲಿನಲ್ಲಿ ಅಷ್ಟು ಹೊತ್ತು ಅವನನ್ನು ನಿಲ್ಲಿಸಿದ್ದೂ ಅದೇ. ಆದ್ರೆ ಒಂದು ಹಂತದಲ್ಲಿ ತಿರುಗುಮುರುಗು ಆಗ್ತದೆ: ರಕ್ತನಾಳಗಳನ್ನು ಬಿಗಿ ಹಿಡಿದ ಸಿಂಪಥೆಟಿಕ್ ಸಂಕೇತ ಫಕ್ಕನೆ ನಿಂತು ಹೋಗ್ತದೆ, ಅದೇ ಹೊತ್ತಿಗೆ ವೇಗಸ್ ಹೃದಯವನ್ನು ನಿಧಾನ ಮಾಡ್ತದೆ. ನಮ್ಮ ಕಡೆ ಗುಡ್ಡದ ಅಬ್ಬಿ ನೀರಿನ ಪೈಪು ಹಾಕಿದವರಿಗೆ ಗೊತ್ತು, ಕೆಳಗಿನ ತೋಟದಲ್ಲಿ ಎಲ್ಲ ನಲ್ಲಿ ಒಟ್ಟಿಗೆ ತೆಗೆದ್ರೆ ಮೇಲಿನ ಮನೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರ್ತದೆ. ಅದೇ ಹೊತ್ತಿಗೆ ಮೂಲದಲ್ಲೂ ನೀರು ಕಡಿಮೆಯಾದ್ರೆ ಕೇಳೋದೇ ಬೇಡ. ಮೇಲಿನ ಮನೆ ಇಲ್ಲಿ ಮಿದುಳು. ಅಲ್ಲಿಗೆ ರಕ್ತ ಪೂರ್ತಿ ನಿಂತ್ರೆ ಆರರಿಂದ ಎಂಟು ಸೆಕೆಂಡಿನಲ್ಲಿ ಎಚ್ಚರ ತಪ್ತದೆ.

ದೇವಿಮನೆ ತಿರುವು (ಶಿರಸಿ)

ಯಾಕೆ ತಿರುಗುಮುರುಗು ಆಗ್ತದೆ? ಅದನ್ನೇ ಹಾರಿಸಿಬಿಟ್ರಲ್ಲ ಸರ್. ಶರೀರ ತನ್ನ ಕಾಲಿಗೆ ತಾನೇ ಕೊಡಲಿ ಹಾಕ್ಕೊಳ್ಳೋದು ಯಾಕೆ?

ನಾಡಿಮಿಡಿತ (ಶಿರಸಿ)

ಹಾರಿಸಿದ್ದಲ್ಲ, ಅದು ಜಗಳದ ಜಾಗ. ಹಳೆಯ ಪುಸ್ತಕದ ವಿವರಣೆ ಹೀಗೆ: ರಕ್ತ ಕಡಿಮೆ ಬಂದು ಅರ್ಧ ಖಾಲಿಯಾದ ಹೃದಯ, ಸಿಂಪಥೆಟಿಕ್ ಒತ್ತಾಯಕ್ಕೆ ಜೋರಾಗಿ ಹಿಂಡಿಕೊಳ್ತದೆ. ಕೆಳಕೋಣೆಯ ಗೋಡೆಯ ನರತುದಿಗಳು ಅದನ್ನು "ಒತ್ತಡ ವಿಪರೀತ ಏರಿದೆ" ಅಂತ ತಪ್ಪಾಗಿ ವರದಿ ಮಾಡ್ತವೆ, ಮೆಡುಲ್ಲಾ ಅದನ್ನು ನಂಬಿ ಎಲ್ಲವನ್ನೂ ಇಳಿಸ್ತದೆ. ಬೆಟ್ಸೋಲ್ಡ್-ಯಾರಿಶ್ ರಿಫ್ಲೆಕ್ಸ್ ಅಂತ ಅದರ ಹೆಸರು. ಕೇಳೋಕೆ ಚೆನ್ನಾಗಿದೆ. ಆದ್ರೆ ಹೃದಯ ಕಸಿ ಮಾಡಿಸಿಕೊಂಡವರಲ್ಲೂ ಇಂಥದ್ದೇ ಕುಸಿತ ಕಂಡಿದೆ. ಹೊಸದಾಗಿ ಕೂರಿಸಿದ ಹೃದಯಕ್ಕೆ ಆ ನರಗಳ ಜೋಡಣೆ ಕತ್ತರಿಸಿ ಹೋಗಿರ್ತದೆ. ವರದಿ ಮಾಡಿದ್ದು ಯಾರು ಹಾಗಾದ್ರೆ? ಇನ್ನು ರಕ್ತ ಕಂಡು ಬೀಳುವವರಲ್ಲಿ ಹೃದಯ ಖಾಲಿಯಾಗಿರೋದೇ ಇಲ್ಲ, ಅಲ್ಲಿ ಆಜ್ಞೆ ಹೊರಡೋದು ಮೇಲಿನಿಂದ, ಭಯ-ಹೇಸಿಗೆಯ ಮಿದುಳಿನಿಂದ. ಹಾಗಾಗಿ ಒಂದೇ ಕಾರಣ ಅಂತ ನಾನು ಪಾಠದಲ್ಲಿ ಹೇಳೋದಿಲ್ಲ. ದಾರಿ ಹಲವು, ಕೊನೆಗೆ ಎಲ್ಲ ಸೇರೋದು ಮೆಡುಲ್ಲಾದಲ್ಲಿ.

ತೋಟದಕೇರಿ (ಯಲ್ಲಾಪುರ)

ಎಂಗಳ ಅಜ್ಜಂಗೂ ಹಿಂಗೇ ಆಗ್ತು. ಊಟ ಮಾಡಿ ಎದ್ದ ಕೂಡ್ಲೆ ಕಣ್ಣು ಕತ್ಲೆ ಬತ್ತು ಹೇಳ್ತ. ಅದೂ ಇದೇಯ?

ನೈಟ್ ಡ್ಯೂಟಿ (ಕಾರವಾರ)

ಇಲ್ಲ, ಅಜ್ಜಂದು ಬೇರೆ ಜಾತಿ. ನಾನು ನರ್ಸ್, ವಾರ್ಡಿನಲ್ಲಿ ವಾರಕ್ಕೊಬ್ಬರಾದ್ರೂ ಇಂಥ ಅಜ್ಜಂದಿರು ಸಿಗ್ತಾರೆ. ಎದ್ದ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದ್ರೆ ಅದನ್ನು ಆರ್ಥೋಸ್ಟಾಟಿಕ್ ಅಂತಾರೆ. ಹುಡುಗರಲ್ಲಿ ನರದ ಪ್ರತಿಕ್ರಿಯೆ ಅತಿಯಾಗಿ ಬೀಳೋದು, ಅಜ್ಜಂದಿರಲ್ಲಿ ನರದ ಪ್ರತಿಕ್ರಿಯೆಯೇ ಸಾಲದೆ ಬೀಳೋದು. ವಯಸ್ಸು, ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್‌ಸನ್ ಇದ್ದವರಲ್ಲಿ ಜಾಸ್ತಿ. ಅದರ ಮೇಲೆ ಮಾತ್ರೆ: ಬಿಪಿದು, ಮೂತ್ರ ಹೋಗೋದು, ಪ್ರಾಸ್ಟೇಟಿಂದು. ಇವೆಲ್ಲ ಬಿಪಿಯನ್ನು ಇನ್ನಷ್ಟು ತಗ್ಗಿಸ್ತವೆ.

ಊಟದ ಕಥೆಯೂ ಹೌದು. ಹೊಟ್ಟೆ ತುಂಬ ಉಂಡ ಮೇಲೆ ಕರುಳಿಗೆ ಬಹಳ ರಕ್ತ ಹೋಗ್ತದೆ. ಯೌವನದಲ್ಲಿ ನರ ಅದನ್ನು ಬೇರೆ ಕಡೆ ಬಿಗಿ ಮಾಡಿ ಸರಿದೂಗಿಸ್ತದೆ, ವಯಸ್ಸಾದ ಮೇಲೆ ಸಾಧ್ಯ ಆಗೋದಿಲ್ಲ.

ಅಪ್ಪೆಮಿಡಿ (ಸಿದ್ದಾಪುರ)

ಮದುವೆಮನೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಒಂದು ತಾಸು ಕೂತು, ಹೋಳಿಗೆ ಮೇಲೆ ಹೋಳಿಗೆ, ಕೊನೆಗೆ ಮೂರು ಲೋಟ ಅಪ್ಪೆಹುಳಿ, ಆಮೇಲೆ ಕೈ ತೊಳೆಯೋಕೆ ಧಡಕ್ಕನೆ ಎದ್ರೆ ನಿಮ್ಮ ಮೆಡುಲ್ಲಾ ಎಂತ ಮಾಡ್ಬೇಕು ಪಾಪ.

ನೈಟ್ ಡ್ಯೂಟಿ (ಕಾರವಾರ)

ಅದನ್ನೇ ನಾನು ಹೇಳಿದ್ದು, ನೀವು ಹೋಳಿಗೆ ಹಾಕಿ ಹೇಳಿದ್ರಿ.

ಸಮುದ್ರಗಾಳಿ (ಅಂಕೋಲಾ)

ಇಷ್ಟೆಲ್ಲ ಬೇಡ. ಕುತ್ತಿಗೆಯ ಪಕ್ಕದ ನರ ಗಟ್ಟಿಯಾಗಿ ತಿಕ್ಕಿದ್ರೆ ಎಚ್ಚರ ಬರ್ತದೆ. ನಮ್ಮೂರಲ್ಲಿ ಒಬ್ಬರು ಹಾಗೇ ಮಾಡೋರು, ಎಲ್ಲರೂ ಎದ್ದು ಕೂತಿದ್ದಾರೆ.

ನಾಡಿಮಿಡಿತ (ಶಿರಸಿ)

ದಯವಿಟ್ಟು ಯಾರೂ ಇದನ್ನು ಮಾಡ್ಬೇಡಿ. ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ. ಕುತ್ತಿಗೆಯ ಆ ಜಾಗ ಒತ್ತಡ ಅಳೆಯುವ ಜಾಗ. ಹೊರಗಿನಿಂದ ಒತ್ತಿದ್ರೆ ಬಿಪಿ ಏರಿದೆ ಅಂತ ಮೆಡುಲ್ಲಾಕ್ಕೆ ಸುಳ್ಳು ಸುದ್ದಿ ಹೋಗಿ ಅದು ಹೃದಯವನ್ನು ಇನ್ನೂ ನಿಧಾನ ಮಾಡ್ತದೆ. ಕೆಲವು ವಯಸ್ಸಾದ ಗಂಡಸರು ಬಿಗಿ ಕಾಲರ್ ಹಾಕಿ ಕುತ್ತಿಗೆ ತಿರುಗಿಸಿದ್ರೆ, ಗಡ್ಡ ಹೆರೆಯುವಾಗ ಒತ್ತಿದ್ರೆ ಅಷ್ಟಕ್ಕೇ ಬೀಳ್ತಾರೆ. ಆ ನಾಳದಲ್ಲಿ ಕೊಬ್ಬಿನ ಪೊರೆ ಕಟ್ಟಿದವರಿಗೆ ತಿಕ್ಕಿದ್ರೆ ಚೂರು ಕಿತ್ತು ಮಿದುಳಿಗೆ ಹೋಗಿ ಲಕ್ವ ಹೊಡೀಬಹುದು. ಡಾಕ್ಟ್ರು ಪರೀಕ್ಷೆಗೆ ಒತ್ತೋದುಂಟು, ಇಸಿಜಿ ಹಚ್ಚಿಟ್ಟು.

ಸಮುದ್ರಗಾಳಿ (ಅಂಕೋಲಾ)

ಆದ್ರೆ ಅವರೆಲ್ಲ ಎದ್ದು ಕೂತರಲ್ಲ.

ಬೈತಖೋಲ್ ಬೋಟು (ಕಾರವಾರ)

ಮಲಗಿಸಿದ್ರಿಂದ ಎದ್ದದ್ದು ಮಾರಾಯ್ರೆ. ಪಕ್ಕದಲ್ಲಿ ಕೂತು ಭಜನೆ ಮಾಡಿದ್ರೂ ಅಷ್ಟೇ ಹೊತ್ತಿಗೆ ಏಳ್ತಿದ್ರು.

ನೈಟ್ ಡ್ಯೂಟಿ (ಕಾರವಾರ)

ಅದು ನೂರಕ್ಕೆ ನೂರು. ಬೀಳೋದೇ ಅರ್ಧ ಔಷಧಿ. ಅಡ್ಡ ಬಿದ್ದ ಕೂಡ್ಲೆ ಕಾಲಿನ ರಕ್ತ ಹೃದಯಕ್ಕೆ ವಾಪಸ್ ಬರ್ತದೆ. ನಮ್ಮ ಜನ ಮಾಡೋದು ಎಂತ ಅಂದ್ರೆ, ಬಿದ್ದವರನ್ನು ನಾಲ್ಕು ಜನ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸಿ, ತಲೆ ನೆಟ್ಟಗೆ ಹಿಡಿದು, ಬಾಯಿಗೆ ನೀರು ಹೊಯ್ಯೋದು! ಕೂರಿಸಿದ್ರೆ ಮತ್ತೆ ಬಿಪಿ ಇಳೀತದೆ, ಎಚ್ಚರ ಇಲ್ಲದವರ ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೆ. ನೆಲದ ಮೇಲೆ ಮಲಗಿಸಿ, ಕಾಲು ಒಂದು ಚೀಲದ ಮೇಲೋ ಮಣೆ ಮೇಲೋ ಎತ್ತರಿಸಿ, ಸುತ್ತ ಜನ ಸರಿಸಿ. ವಾಂತಿ ಬಂದ್ರೆ ಮಗ್ಗುಲಿಗೆ ತಿರುಗಿಸಿ. ಪೂರ್ತಿ ಎಚ್ಚರ ಬಂದ ಮೇಲೂ ಕೂಡ್ಲೆ ನಿಲ್ಲಿಸಬೇಡಿ. ಒಂದು ನಿಮಿಷ ಬಿಟ್ಟೂ ಎಚ್ಚರ ಬರದಿದ್ರೆ, ಉಸಿರು ಸರಿ ಇಲ್ಲದಿದ್ರೆ 108.

ಮಣಕಿಮೈದಾನ (ಕುಮಟಾ)

ಸಾಲಿನಲ್ಲಿ ಅದೇ ಆಯ್ತು. ಯಾರೋ ಎತ್ತಿ ನಿಲ್ಲಿಸೋಕೆ ನೋಡಿದ್ರು, ಇನ್ನೊಬ್ಬರು ಕೈಗೆ ಬೀಗದ ಕೈ ಗೊಂಚಲು ತುರುಕಿದ್ರು. ಆ ಬೀಗದ ಕೈ ನೋಡಿಯೇ ದೊಡ್ಡಪ್ಪ ಫಿಟ್ಸ್ ಅಂತ ತೀರ್ಮಾನ ಮಾಡಿದ್ದು. ಕೈಕಾಲು ಜಗ್ಗಿದ್ದಕ್ಕೆ ಎಂತ ಹೇಳ್ತೀರಿ?

ನಾಡಿಮಿಡಿತ (ಶಿರಸಿ)

ಜಗ್ಗೋದು ಮಾಮೂಲು. 1994ರಲ್ಲಿ ಜರ್ಮನಿಯ ಥಾಮಸ್ ಲೆಂಪರ್ಟ್ ಮತ್ತು ಜೊತೆಗಾರರು ಆರೋಗ್ಯವಂತ ಸ್ವಯಂಸೇವಕರನ್ನು ಬೇಕೆಂದೇ ಎಚ್ಚರ ತಪ್ಪಿಸಿ ವಿಡಿಯೋ ಮಾಡಿದ್ರು. ಕುಕ್ಕರುಗಾಲಲ್ಲಿ ಕೂತು ಜೋರಾಗಿ ಉಸಿರಾಡಿ, ಫಕ್ಕನೆ ಎದ್ದು, ಉಸಿರು ಬಿಗಿಹಿಡಿದು ತಿಣುಕೋದು. ಪೂರ್ತಿ ಎಚ್ಚರ ತಪ್ಪಿದ 42 ಜನರಲ್ಲಿ 38 ಜನರ ಕೈಕಾಲು ಜಗ್ಗಿತು. ಯಾರಿಗೂ ಫಿಟ್ಸ್ ಕಾಯಿಲೆ ಇರಲಿಲ್ಲ. ರಕ್ತ ಸಿಗದ ಮಿದುಳು ಹಾಗೆ ಮಾಡ್ತದೆ ಅಷ್ಟೇ. (ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ, ಹಾಸ್ಟೆಲ್ ಹುಡುಗರಿಗೆ ವಿಶೇಷವಾಗಿ ಹೇಳ್ತಿದ್ದೇನೆ.)

ಫಿಟ್ಸಿನಲ್ಲಿ ಸಾಮಾನ್ಯವಾಗಿ ಜಗ್ಗಾಟ ಲಯಬದ್ಧವಾಗಿ ಒಂದೆರಡು ನಿಮಿಷ ನಡೀತದೆ, ನಾಲಿಗೆಯ ಅಂಚು ಕಚ್ಚಿರ್ತದೆ, ಎಚ್ಚರ ಬಂದ ಮೇಲೂ ಬಹಳ ಹೊತ್ತು ಗೊಂದಲ, ಮನೆಯವರ ಗುರುತು ಹತ್ತೋದಿಲ್ಲ. ನಿಮ್ಮ ತಮ್ಮ ಕಣ್ಣು ಬಿಟ್ಟ ಕೂಡ್ಲೆ ಚಪ್ಪಲಿ ಕೇಳಿದ ಅಂದ್ರಲ್ಲ, ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಸಾಕ್ಷಿ ಅದೇ. "ಎಂತದೂ ಕಾಣ್ತಿಲ್ಲೆ" ಅಂದದ್ದೂ ಹಾಗೇ. ಕಣ್ಣುಗುಡ್ಡೆಯೊಳಗೆ ಅದರದ್ದೇ ಒತ್ತಡ ಇರೋದ್ರಿಂದ ಬಿಪಿ ಇಳಿದಾಗ ಮೊದಲು ರಕ್ತ ತಪ್ಪೋದು ಕಣ್ಣಿನ ಪರದೆಗೆ. ಅದಕ್ಕೇ ದೃಷ್ಟಿ ಮೊದಲು ಹೋಗ್ತದೆ, ಆಮೇಲೂ ಸ್ವಲ್ಪ ಹೊತ್ತು ಮಾತು ಕೇಳಿಸ್ತಿರ್ತದೆ.

ದೇವಿಮನೆ ತಿರುವು (ಶಿರಸಿ)

ಅಜ್ಜಿ ದೃಷ್ಟಿ ಅಂದದ್ದು ಸುಳ್ಳಲ್ಲ ಹಾಗಾದ್ರೆ 😄

ಚೌಕಿಮನೆ (ಹೊನ್ನಾವರ)

ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ, ನನ್ನದೂ ಒಂದು ಸಂಶಯ. ಕುಣಿವಾಗ ಎಂತದೂ ಆಗೂದಿಲ್ಲ. ಯುದ್ಧದ ಪದ ಮುಗ್ದು, ಚಂಡೆ ನಿಂತು, ಎದುರು ವೇಷದವ ಅರ್ಥ (ಪದದ ಮೇಲಿನ ಮಾತು) ಹೇಳೂಕೆ ಶುರು ಮಾಡ್ತ. ನಾವು ರಥದ ಪಕ್ಕ ಬಿಲ್ಲು ಹಿಡ್ದು ಸುಮ್ನೆ ನಿಂತಿರೂದು. ಆವಾಗ ದೀಪ ಎಲ್ಲ ಹಳದಿ ಆಗಿ, ಭಾಗವತರ ದನಿ ದೂರ ಹೋಗಿ, ಕಿವಿಲಿ ಗುಂಯ್. ಒಂದ್ಸಲ ಚೌಕಿಗೆ (ಬಣ್ಣ ಹಚ್ಚೂ ಕೋಣೆಗೆ) ಬಂದು ಕುಸಿದೇ ಬಿಟ್ಟೆ. ಮುಂಡಾಸು ಬಿಚ್ಚಿ, ಸೊಂಟದ ಕಟ್ಟು ಸಡಿಲ ಮಾಡಿ, ಅಂಗಿ ಹಿಂಡಿದ್ರೆ ಬೆವರು ಧಾರೆ ಬಿತ್ತು. ಮುಖದ ಬಣ್ಣದ ಅಡಿಗೆ ನಾನು ಬಿಳಿಚಿದ್ದು ಯಾರಿಗೂ ಗೊತ್ತಾಗ್ಲಿಲ್ಲ. ಕುಣಿವಾಗ ಆಗ್ದೇ ಇದ್ದದ್ದು ನಿಂತಾಗ ಯಾಕೆ?

ನಾಡಿಮಿಡಿತ (ಶಿರಸಿ)

ಕುಣಿಯುವಾಗ ತೊಡೆ-ಮೀನಖಂಡದ ಸ್ನಾಯುಗಳಿಗೆ ಹೋಗೋ ರಕ್ತನಾಳ ಪೂರ್ತಿ ತೆರೆದಿರ್ತದೆ. ಆದ್ರೆ ಪ್ರತಿ ಹೆಜ್ಜೆಗೂ ಅದೇ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ನೂಕ್ತಾ ಇರ್ತದೆ. ಹೆಜ್ಜೆ ನಿಂತ್ರೆ ನೂಕೋದು ನಿಂತು ಹೋಯ್ತು, ನಾಳ ಮಾತ್ರ ಇನ್ನೂ ತೆರೆದೇ ಇದೆ. ಮೇಲಿಂದ ಬೆವರಿನಲ್ಲಿ ನೀರು ಉಪ್ಪು ಹೋಗಿದೆ, ಮೈ ತಣ್ಣಗಾಗೋಕೆ ಚರ್ಮದ ನಾಳಗಳೂ ಹಿಗ್ಗಿವೆ. ಎದುರಿನವರ ಅರ್ಥ ಉದ್ದ ಆದಷ್ಟೂ ನಿಮಗೆ ಅಪಾಯ.

ಚೌಕಿಮನೆ (ಹೊನ್ನಾವರ)

ಅವ್ರ ಅರ್ಥ ಕೇಳಿ ಪ್ರೇಕ್ಷಕರೂ ಬೀಳ್ತ್ರು. ಅದು ಬಿಡಿ, ನಿಂತಲ್ಲೇ ಸಣ್ಣಕೆ ಹೆಜ್ಜೆ ಹಾಕ್ತಾ ಇರ್ಬೇಕು ಹೇಳಿ ನಮ್ಮ ಗುರುಗಳು ಹೇಳ್ತಿದ್ರು. ಪಾತ್ರ ಜೀವಂತ ಇರ್ಬೇಕು ಅಂತ ಅವ್ರ ಲೆಕ್ಕ.

ಅರಗಾ ನಿವೃತ್ತ (ಕಾರವಾರ)

ಪರೇಡಿನಲ್ಲೂ ಇದೇ ಪಾಠ. ಹೊಸಬರು ಸಾವಧಾನ್‌ನಲ್ಲಿ ಮೊಣಕಾಲು ಹಿಂದಕ್ಕೆ ಲಾಕ್ ಮಾಡಿ ಮರದ ಕೊರಡಿನ ಹಾಗೆ ನಿಲ್ತಾರೆ, ಹತ್ತು ನಿಮಿಷಕ್ಕೆ ಧೊಪ್. ಹಳಬರು ಶೂ ಒಳಗೇ ಕಾಲ್ಬೆರಳು ಆಡಿಸ್ತಿರ್ತಾರೆ, ಮೀನಖಂಡ ಬಿಗಿ ಮಾಡಿ ಬಿಡ್ತಿರ್ತಾರೆ. ಹೊರಗಿಂದ ನೋಡಿದ್ರೆ ಗೊಂಬೆ. ಆಗಸ್ಟ್ 15ಕ್ಕೆ ಶಾಲೆ ಮಕ್ಕಳನ್ನು ತಿಂಡಿ ಇಲ್ಲದೆ ನಿಲ್ಲಿಸಿ ಭಾಷಣ ಮಾಡೋ ಗಣ್ಯರಿಗೆ ಇದನ್ನು ಯಾರು ಹೇಳೋದು?

ಮಣಕಿಮೈದಾನ (ಕುಮಟಾ)

ಇವತ್ತು ಬೇರೆ ಡಾಕ್ಟ್ರ ಹತ್ರ ಹೋಗಿ ಬಂದ್ವಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿದ್ರು, ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದ್ರು. ಎಲ್ಲ ಸರಿ. ನಮ್ಮ ವಂಶದಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ ಸತ್ತವರು ಇದ್ದಾರಾ, ಓಡುವಾಗ ಬಿದ್ದಿದ್ದಾನಾ, ಎದೆ ಡವಡವ ಅಂದಿತ್ತಾ ಅಂತೆಲ್ಲ ಕೇಳಿದ್ರು. ಹಿಂದಿನವರದ್ದೇ ತೀರ್ಮಾನ, ಆದ್ರೆ ಇವರು ಕೂರಿಸಿ ಬಿಡಿಸಿ ಹೇಳಿದ್ರು. ಪದೇ ಪದೇ ಆದ್ರೆ ಟಿಲ್ಟ್ ಟೆಸ್ಟ್ ಮಾಡಿಸೋಣ ಅಂದ್ರು. ಅದೆಂತದು?

ನೈಟ್ ಡ್ಯೂಟಿ (ಕಾರವಾರ)

ಮೇಜಿಗೆ ಬೆಲ್ಟ್ ಕಟ್ಟಿ ಮಲಗಿಸಿ, 60-70 ಡಿಗ್ರಿ ಎತ್ತಿ ನಿಲ್ಲಿಸಿ ಕಾಯೋದು. ಬಿಪಿ, ಇಸಿಜಿ ಒಂದೇ ಸಮನೆ ದಾಖಲಾಗ್ತಿರ್ತದೆ. ಎಚ್ಚರ ತಪ್ಪುವಾಗ ಮೊದಲು ಬಿಪಿ ಇಳೀತೋ, ಬಡಿತ ನಿಂತಿತೋ ಕಾಣ್ತದೆ. 1986ರಿಂದ ಇದು ಬಳಕೆಗೆ ಬಂದದ್ದು. ಎಲ್ಲರಿಗೂ ಬೇಡ, ನಿಮ್ಮ ತಮ್ಮನ ಕಥೆಯೇ ಅಷ್ಟು ಸ್ಪಷ್ಟ ಇದೆ.

ಆ ಡಾಕ್ಟ್ರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಓದ್ತಿರೋರೆಲ್ಲ ನೆನಪಿಡಿ. ಓಡುವಾಗ, ಈಜುವಾಗ, ಭಾರ ಎತ್ತುವಾಗ ಬಿದ್ರೆ. ಮಲಗಿದ್ದಾಗಲೇ ಎಚ್ಚರ ತಪ್ಪಿದ್ರೆ. ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ರೆ. ಎದೆನೋವು, ಉಸಿರುಗಟ್ಟು ಇದ್ರೆ, ಅದನ್ನು ಪಿತ್ತ ಅಂತ ಬಿಡಬೇಡಿ. ಅದು ಹೃದಯದ್ದು ಇರಬಹುದು, ಅದೇ ದಿನ ಇಸಿಜಿ ಆಗ್ಲೇಬೇಕು.

ಬೈತಖೋಲ್ ಬೋಟು (ಕಾರವಾರ)

ಟಿಲ್ಟ್ ಟೆಸ್ಟಿಗೆ ನಾವು ಎಲ್ಲಿ ಹೋಗೋದು? ಹುಬ್ಬಳ್ಳಿಗೆ ಘಟ್ಟ ಹತ್ತಬೇಕು, ಇಲ್ಲ ಮಣಿಪಾಲ, ಇಲ್ಲ ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಕೇಳಿ ಕೇಳಿ ನಮ್ಮ ಬಿಪಿಯೇ ಏರಿದೆ.

ದೇವಿಮನೆ ತಿರುವು (ಶಿರಸಿ)

ಕೊಟ್ರೂ ಕಾರವಾರಕ್ಕೋ, ಕುಮಟಾಕ್ಕೋ, ಶಿರಸಿಗೋ ಅಂತ ನಾವೇ ಜಗಳ ಆಡ್ತೇವೆ.

ಬೈತಖೋಲ್ ಬೋಟು (ಕಾರವಾರ)

ಜಿಲ್ಲಾ ಕೇಂದ್ರ ಯಾವುದು ಅಂತ ಗೊತ್ತಿದೆಯಲ್ಲ?

ನೈಟ್ ಡ್ಯೂಟಿ (ಕಾರವಾರ)

ಆ ಜಗಳಕ್ಕೆ ಬೇರೆ ಜಾಗ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಪೇಷಂಟ್ ಇದ್ದಾರೆ.

ಮಣಕಿಮೈದಾನ (ಕುಮಟಾ)

ಮದ್ದು ಎಂತದೂ ಬೇಡವಂತೆ. ಆದ್ರೆ ಮುಂದೆ ಹಾಗಾಗೋ ಹಾಗೆ ಅನಿಸಿದಾಗ ತಮ್ಮ ಮಾಡೋದು ಎಂತ? ಅಟ್ರೋಪಿನ್ ಅಂತೇನೋ ಇಂಜೆಕ್ಷನ್ ಇದೆ, ಹೃದಯ ಓಡಿಸ್ತದೆ ಅಂತ ಒಬ್ಬರು ಹೇಳಿದ್ರು.

ನಾಡಿಮಿಡಿತ (ಶಿರಸಿ)

ಅದರ ಕಥೆ ಸ್ವಾರಸ್ಯದ್ದು. "ವೇಸೊವೇಗಲ್" ಅನ್ನೋ ಹೆಸರನ್ನು ಈ ಕಾಯಿಲೆಗೆ ಗಟ್ಟಿ ಮಾಡಿದ್ದು ಲಂಡನ್ನಿನ ಥಾಮಸ್ ಲೂಯಿಸ್, 1932ರಲ್ಲಿ. ಅವರು ಗಮನಿಸಿದ್ದು ಇದು: ಅಟ್ರೋಪಿನ್ ಕೊಟ್ರೆ ವೇಗಸ್ ಹಿಡಿತ ಬಿಟ್ಟು ನಾಡಿ ಏರ್ತದೆ, ಆದ್ರೆ ಬಿಪಿ ಕೆಳಗೇ ಇರ್ತದೆ, ರೋಗಿ ಬಿಳಿಚಿಕೊಂಡೇ ಇರ್ತಾನೆ. ಅಂದ್ರೆ ಹೃದಯ ನಿಧಾನ ಆದದ್ದಕ್ಕಿಂತ ರಕ್ತನಾಳ ಸಡಿಲ ಆದದ್ದೇ ದೊಡ್ಡ ತಾಪತ್ರಯ. ಪೇಸ್‌ಮೇಕರ್ ಕೂರಿಸಿದ್ರೂ ಹೆಚ್ಚಿನವರಿಗೆ ಪ್ರಯೋಜನ ಇಲ್ಲದಿರೋದೂ ಅದಕ್ಕೇ. ಬಡಿತ ಬಹಳ ಹೊತ್ತು ನಿಲ್ಲೋದು ದಾಖಲಾದ, ನಲವತ್ತು ದಾಟಿದ ಕೆಲವರಿಗಷ್ಟೇ ಅದು ಯೋಗ್ಯ.

ಹಾಗಾಗಿ ನಾವು ಮಾಡಬೇಕಾದ್ದು ರಕ್ತವನ್ನು ಕೆಳಗಿನಿಂದ ಮೇಲೆ ಹಿಂಡೋದು. ಆಕಳಿಕೆ, ಬೆವರು, ಹೊಟ್ಟೆ ತೊಳಸು ಶುರುವಾದ ಕೂಡ್ಲೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಅಡ್ಡ ಹಾಕಿ ತೊಡೆ, ಹೊಟ್ಟೆ, ಪೃಷ್ಠ ಗಟ್ಟಿಯಾಗಿ ಬಿಗಿಯಬೇಕು. ಇಲ್ಲ ಎರಡೂ ಕೈಬೆರಳು ಕೊಕ್ಕೆ ಹಾಕಿ ಹೊರಕ್ಕೆ ಎಳೆದು ಹಿಡೀಬೇಕು. ಬಿಪಿ ಏರೋದು ಕೂಡ್ಲೆ ಕಾಣ್ತದೆ. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಇದನ್ನು ಕಲಿತವರು ಕಡಿಮೆ ಸಲ ಬಿದ್ರು. ಅಷ್ಟಕ್ಕೂ ನಿಲ್ಲದಿದ್ರೆ ನಾಚಿಕೆ ಬಿಟ್ಟು ಅಲ್ಲೇ ಮಲಗೋದು, ಜಾಗ ಇಲ್ಲದಿದ್ರೆ ಕುಕ್ಕರುಗಾಲಲ್ಲಿ ಕೂರೋದು. ಹದಿನೆಂಟು ವರ್ಷದ ಹುಡುಗರಿಗೆ ಕಷ್ಟ ಆಗೋದು ಈ ನಾಚಿಕೆ ಬಿಡೋದೇ.

ಸಮುದ್ರಗಾಳಿ (ಅಂಕೋಲಾ)

ಉಪ್ಪು ಎಷ್ಟು? ನಮ್ಮ ಸಾಣಿಕಟ್ಟಾ ಉಪ್ಪೇ ಒಳ್ಳೇದು, ಪ್ಯಾಕೆಟ್ ಉಪ್ಪಿನಲ್ಲಿ ಸತ್ವ ಇಲ್ಲ.

ನೈಟ್ ಡ್ಯೂಟಿ (ಕಾರವಾರ)

ಬಿಪಿ ಏರಿಸೋದು ಸೋಡಿಯಂ, ಅದು ಎರಡರಲ್ಲೂ ಒಂದೇ. ಅಯೋಡಿನ್ ಸೇರಿಸಿದ್ದು ತಗೊಳ್ಳಿ, ಬಾಕಿ ಜಗಳ ಬೇಡ. ಪ್ರಮಾಣ ಡಾಕ್ಟ್ರು ಹೇಳಿದಷ್ಟು. ಹುಡುಗನಿಗೆ ಕೊಟ್ಟ ಸಲಹೆ ಕೇಳಿ ಬಿಪಿ ಜಾಸ್ತಿ ಇರೋ ದೊಡ್ಡಪ್ಪ, ಕಿಡ್ನಿ-ಹೃದಯದ ತೊಂದರೆ ಇರೋ ಅಜ್ಜ ಉಪ್ಪು ಏರಿಸಿಕೊಂಡ್ರೆ ನೇರ ನಮ್ಮ ವಾರ್ಡಿಗೇ ಬರೋದು. ನೀರು ದಿನಕ್ಕೆ ಎರಡು-ಎರಡೂವರೆ ಲೀಟರ್. ಗಂಜಿಗೆ ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ, ಇದ್ರಲ್ಲೇ ಆಗ್ತದೆ.

ಅಪ್ಪೆಮಿಡಿ (ಸಿದ್ದಾಪುರ)

ನಾನು ಮೊದಲೇ ಹೇಳಿದ್ದೆ, ಖಾಲಿ ಹೊಟ್ಟೆಲಿ ನಿಲ್ಲಬೇಡಿ ಅಂತ. ಅದನ್ನು ಪಿತ್ತ ಅಂದ್ರೆ ನಗ್ತೀರಿ, ಡಿಹೈಡ್ರೇಶನ್ ಅಂದ್ರೆ ಕೈಮುಗೀತೀರಿ.

ದೇವಿಮನೆ ತಿರುವು (ಶಿರಸಿ)

ಪಾಯಿಂಟ್ ಇದೆ ಮಾರಾಯ.

ಕಾಳಿ ದಂಡೆ (ಸದಾಶಿವಗಡ)

ರಕ್ತದಾನ ಶಿಬಿರದಲ್ಲಿ ಕೆಲಸ ಮಾಡ್ತೇನೆ. ಚುಚ್ಚೋ ಮುಂಚೆ ಅರ್ಧ ಲೀಟರ್ ನೀರು ಕುಡಿಸಿದ್ರೆ ಬೀಳೋರು ಕಡಿಮೆ ಅಂತ ಅನುಭವ. ನಿಜವಾಗಿ ಕಾರಣ ಇದೆಯಾ, ಸುಮ್ನೆ ಧೈರ್ಯಕ್ಕಾ? ರಕ್ತ ಕಂಡೇ ಬೀಳೋರಿಗೆ ಏನು ಮಾಡೋದು?

ನಾಡಿಮಿಡಿತ (ಶಿರಸಿ)

ಕಾರಣ ಇದೆ. ಅಷ್ಟು ನೀರು ಒಟ್ಟಿಗೆ ಕುಡಿದ್ರೆ ಅದು ರಕ್ತಕ್ಕೆ ಸೇರೋಕೆ ಮುಂಚೆಯೇ ಸಿಂಪಥೆಟಿಕ್ ನರಗಳು ಚುರುಕಾಗ್ತವೆ, ರಕ್ತನಾಳ ಬಿಗಿಯಾಗ್ತದೆ. ಪರಿಣಾಮ ಅರ್ಧ ಗಂಟೆಯ ಆಸುಪಾಸಿಗೆ ಜೋರು, ತಾಸೊಂದರ ಮೇಲೆ ಇಳಿದು ಹೋಗ್ತದೆ. ಆರೋಗ್ಯವಂತರ ಬಿಪಿ ಸಂಖ್ಯೆ ಹೆಚ್ಚು ಬದಲಾಗದಿದ್ರೂ ನಿಲ್ಲುವ ತಾಕತ್ತು ಏರ್ತದೆ. ಚುಚ್ಚೋ ಹತ್ತಿಪ್ಪತ್ತು ನಿಮಿಷ ಮುಂಚೆ ಕುಡಿಸಿ.

ರಕ್ತ ಕಂಡು ಬೀಳೋರದ್ದು ವಿಶೇಷ. ಹಾವು ಕಂಡು ಹೆದರಿದವರ ಬಿಪಿ ಏರಿಯೇ ಇರ್ತದೆ, ಹಾಗಾಗಿ ಬೀಳೋದು ಕಡಿಮೆ. ಇವರಲ್ಲಿ ಮೊದಲು ಏರಿ ಆಮೇಲೆ ಕುಸೀತದೆ. ಸ್ವೀಡನ್ನಿನ ಲಾರ್ಸ್-ಯೋರಾನ್ ಒಸ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಇಂಥವರಿಗೆ "ಸಡಿಲ ಬಿಡಿ" ಅನ್ನೋ ಬದಲು "ಬಿಗಿಯಿರಿ" ಅಂತ ಕಲಿಸಿದ್ರು: ಕೈ, ಕಾಲು, ಎದೆ ಬಿಗಿದು ಮುಖ ಬೆಚ್ಚಗಾಗೋ ತನಕ ಹತ್ತು-ಹದಿನೈದು ಸೆಕೆಂಡು ಹಿಡಿಯೋದು, ಬಿಟ್ಟು ಅರ್ಧ ನಿಮಿಷ ಸುಮ್ಮನಿರೋದು, ಮತ್ತೆ ಬಿಗಿಯೋದು. ಸೂಜಿ ಇರೋ ಕೈಯನ್ನು ಮಾತ್ರ ಸಡಿಲ ಬಿಡಬೇಕು.

ಕಾಳಿ ದಂಡೆ (ಸದಾಶಿವಗಡ)

ನಾವು ಇಷ್ಟು ದಿನ "ರಿಲ್ಯಾಕ್ಸ್ ಮಾಡಿ, ಉಸಿರು ಬಿಡಿ" ಅಂತಲೇ ಹೇಳ್ತಿದ್ವಿ! ಮುಂದಿನ ಶಿಬಿರದಲ್ಲಿ ಗೋಡೆಗೆ ಬರೆಸಿ ಹಚ್ತೇನೆ.

ತೋಟದಕೇರಿ (ಯಲ್ಲಾಪುರ)

ಅಜ್ಜನ ಮಾತ್ರೆ ಪಟ್ಟಿ ಡಾಕ್ಟ್ರಿಗೆ ತೋರಿಸ್ತೆ. ಇನ್ನೊಂದು ಮುಖ್ಯ ವಿಷಯ. ನಮ್ಮ ಅಡಿಕೆ ಮರ ಹತ್ತಿ ಕೊಯ್ಯೋ ಕೊನೆಗೌಡನಿಗೆ ಈ ವರ್ಷ ಎರಡು ಸಲ ಕಣ್ಣು ಕತ್ಲೆ ಬಂಜು. ಒಂದು ಸಲ ಮರದ ಬುಡದಲ್ಲಿ, ಒಂದು ಸಲ ಮೇಲೆ. ಮೇಲೆ ಇದ್ದಾಗ ಮರ ತಬ್ಬಿ ಹಿಡಿದು ಹೇಗೋ ಇಳಿದ. ಬೆಳಿಗ್ಗೆ ಚಾ ಒಂದೇ ಕುಡಿದು ಹತ್ತಿದ್ದು. ಕೊಯ್ಲು ಇನ್ನೂ ಅರ್ಧ ಬಾಕಿ. ನೀರು ಉಪ್ಪು ಕೊಟ್ಟು ಹತ್ತಿಸ್ಲಕ್ಕ?

ನೈಟ್ ಡ್ಯೂಟಿ (ಕಾರವಾರ)

ಬೇಡ. ಬೇಡ. ಬೇಡ. ಮರದ ಮೇಲೆ, ಮೈ ದಂಡಿಸುವಾಗ ಆಗಿದೆ ಅಂದ್ರೆ ಇದು ಜಾತ್ರೆ ಸಾಲಿನ ಕಥೆ ಅಲ್ಲ. ಮೊದಲು ಇಸಿಜಿ, ರಕ್ತದಲ್ಲಿ ಹಿಮೋಗ್ಲೋಬಿನ್, ಮಲಗಿ-ನಿಂತು ಬಿಪಿ. ನೀವೇ ಕರ್ಕೊಂಡು ಹೋಗಿ, ಕೂಲಿ ಹೋಗ್ತದೆ ಅಂತ ಅವರಾಗಿ ಹೋಗೋದಿಲ್ಲ. ಡಾಕ್ಟ್ರು ಹೌದು ಅನ್ನೋ ತನಕ ಮರವೂ ಬ್ಯಾಡ, ಬೈಕೂ ಬ್ಯಾಡ, ಒಬ್ಬರೇ ಹೊಳೆಗೆ ಈಜೋಕೆ ಹೋಗೋದೂ ಬ್ಯಾಡ.

ಅರಗಾ ನಿವೃತ್ತ (ಕಾರವಾರ)

ಸಾಮಾನ್ಯ ಬವಳಿಯೇ ಆಗಿದ್ರೂ ಮರದ ಮೇಲೆ ಕಾಲು ಅಡ್ಡ ಹಾಕಿ ಬಿಗಿಯೋಕೆ ಆಗ್ತದಾ? ಮಲಗೋಕೆ ಆಗ್ತದಾ? ನೆಲದ ಮೇಲೆ ಬಿದ್ರೆ ತರಚು ಗಾಯ, ಐವತ್ತು ಅಡಿಯಿಂದ ಬಿದ್ರೆ ಹೆಣ.

ದೇವಿಮನೆ ತಿರುವು (ಶಿರಸಿ)

ಫೈಬರ್ ದೋಟಿ ತರಿಸಿ. ನೆಲದಲ್ಲೇ ನಿಂತು ಕೊಯ್ಲಾಗ್ತದೆ.

ತೋಟದಕೇರಿ (ಯಲ್ಲಾಪುರ)

ದೋಟಿ ರೇಟು ಕೇಳಿದ್ರೆ ನಂಗೇ ಕಣ್ಣು ಕತ್ಲೆ ಬತ್ತು. ಆದ್ರೂ ನಾಳೆ ಅವನನ್ನು ಆಸ್ಪತ್ರೆಗೆ ಕರ್ಕಂಡು ಹೋಗ್ತೆ. ಯಾರದ್ದಾದ್ರೂ ದೋಟಿ ಬಾಡಿಗೆಗೆ ಇದ್ದನ ಯಲ್ಲಾಪುರ ಬದಿಗೆ?

ಅಪ್ಪೆಮಿಡಿ (ಸಿದ್ದಾಪುರ)

ಸೊಸೈಟಿಯಲ್ಲಿ ವಿಚಾರಿಸು. ನಂದು ಕಾನಸೂರಲ್ಲಿ ಭಾವನ ಮನೆಯಲ್ಲಿದ್ದು, ಈ ವಾರ ಅವನ ಕೊಯ್ಲು. ಮುಗಿದ ಮೇಲೆ ಬೇಕಾದ್ರೆ ತಗಂಡು ಹೋಗು, ಬಾಡಿಗೆ ಎಂತದೂ ಬ್ಯಾಡ. ಬ್ಲೇಡು ಮಾತ್ರ ನಿಂದೇ ತಗ.